ಆರು ನಿಲ್ದಾಣಗಳ ಪುಸ್ತಿಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ವೃಷಭಾವತಿ ನದಿಯ ಬಳಿ, ಕೆಂಗೇರಿ ಎಂಬ ಹಳೆಯ ಊರಿದೆ. ಹಿಂದೆ ನಗರದ ಹೊರಗಿದ್ದ ಈ ಊರಿಗೆ 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೊ ರೈಲು ಬಂದಿತು. ಮೈಸೂರು ರಸ್ತೆ ನಿಲ್ದಾಣದಿಂದ ಮುಂದಕ್ಕೆ ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ ಎಂಬ ಆರು ನಿಲ್ದಾಣಗಳು ಆಗ ತೆರೆದವು. ಪುಟಕ್ಕೊಂದು ನಿಲ್ದಾಣದಂತೆ ಇವುಗಳ ಪುಸ್ತಿಕೆಯೊಂದನ್ನು ಗಣಕಯಂತ್ರದಿಂದ ಸಿದ್ಧಪಡಿಸಬೇಕಾಗಿದೆಯೆಂದು ಊಹಿಸಬಹುದು. ಪ್ರತಿ ಪುಟದಲ್ಲಿಯೂ ನಿಲ್ದಾಣದ ಹೆಸರು, ಮಾರ್ಗವನ್ನು ತೋರಿಸುವ ಗೆರೆ, ಆ ಗೆರೆಯ ಮೇಲೆ ನಿಲ್ದಾಣದ ಬೊಟ್ಟು, ಇಷ್ಟಿದ್ದರೆ ಸಾಕು.

ಗಣಕಯಂತ್ರದಲ್ಲಿ ಚಿತ್ರವನ್ನು ಎರಡು ವಿಧವಾಗಿ ಇಡಬಹುದು. ಛಾಯಾಚಿತ್ರವು ಚುಕ್ಕೆಗಳ ರಾಶಿ. ಅದನ್ನು ಹಿಗ್ಗಿಸಿದಷ್ಟೂ ಅಂಚು ಒಡೆಯುತ್ತದೆ. ಎರಡನೆಯ ವಿಧದಲ್ಲಿ ಚುಕ್ಕೆಗಳಿಲ್ಲ, ಆಜ್ಞೆಗಳಿವೆ: ಇಂತಹ ಬಿಂದುವಿನಿಂದ ಇಂತಹ ಬಿಂದುವಿಗೆ ಗೆರೆ, ಇಲ್ಲಿಂದ ಅಲ್ಲಿಗೆ ಬಾಗು. ಇದೇ ವೆಕ್ಟರ್ ಚಿತ್ರ. ಅಂಚೆಚೀಟಿಯಷ್ಟಿರಲಿ, ಗೋಡೆಯಷ್ಟಿರಲಿ, ಅದರ ಅಂಚು ನಯವಾಗಿಯೇ ಇರುತ್ತದೆ. ಬಾಗುಗಳನ್ನು ಕೆಲವೇ ಬಿಂದುಗಳಿಂದ ನಿರ್ಧರಿಸುವ ಗಣಿತವನ್ನು ಬಳಕೆಗೆ ತಂದವರು ಫ್ರಾನ್ಸಿನ ರೆನೊ ಕಾರ್ಖಾನೆಯ ಪಿಯರ್ ಬೆಜಿಯೆ ಮತ್ತು ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಾಸ್ಟೆಲ್ಜೊ. ಕಾರಿನ ಮೈಗೆಂದು ಹುಟ್ಟಿದ ಈ ವಿದ್ಯೆಯೇ ಇಂದು ಕನ್ನಡದ ದುಂಡಕ್ಷರಗಳನ್ನೂ ತಿದ್ದುತ್ತಿದೆ!

ಪುಸ್ತಿಕೆಯ ಕಾರ್ಯಕ್ಕೆ ಪೈಥಾನ್ ಭಾಷೆ ಅನುಕೂಲವಾದುದು. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ 1991ರಲ್ಲಿ ಇದನ್ನು ಹೊರತಂದರು. ಕೈರೋ ಎಂಬ ತಂತ್ರಾಂಶವನ್ನು ಇದರೊಡನೆ ಸೇರಿಸಿಕೊಂಡರೆ ಪಿಡಿಎಫ್ ಕಡತವನ್ನು ರಚಿಸಬಹುದು. ಅಲ್ಲಿ ಅಳತೆಯ ಮಾನವು ಅಂಗುಲದ 72ನೆಯ ಒಂದು ಭಾಗ. ಎ4 ಹಾಳೆಯು ಸುಮಾರು 595 ಮಾನ ಅಗಲ, 842 ಮಾನ ಎತ್ತರವಿರುತ್ತದೆ. ಆರು ಹೆಸರುಗಳನ್ನು ಒಂದು ಪಟ್ಟಿಯಲ್ಲಿರಿಸಿ, ಒಂದೊಂದನ್ನೂ ಕ್ರಮವಾಗಿ ತೆಗೆದುಕೊಂಡು, ಗೆರೆ ಎಳೆದು, ಹೆಸರು ಬರೆದು, ಕೊನೆಗೆ ‘ಪುಟ ಮುಗಿಯಿತು’ ಎಂಬ ಆಜ್ಞೆಯನ್ನು ಕೊಡಬೇಕು. ಕಲಿಯುವವರು ಸಾಮಾನ್ಯವಾಗಿ ಮರೆಯುವುದು ಈ ಕೊನೆಯ ಆಜ್ಞೆಯನ್ನೇ. ಆಗ ಆರು ಹೆಸರುಗಳೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬಿದ್ದು, ಯಾವುದನ್ನೂ ಓದಲಾಗದಂತಾಗುತ್ತದೆ.

ನಿಜವಾದ ತೊಡಕು ಒತ್ತಕ್ಷರಗಳಿರುವ ಹೆಸರುಗಳಲ್ಲಿ ಎದುರಾಗುತ್ತದೆ. ‘ಜ್ಞಾ’ ಎಂಬ ಅಕ್ಷರವನ್ನು ಯೂನಿಕೋಡ್ ಪದ್ಧತಿಯು ಜಕಾರ, ಹಲಂತ, ಞಕಾರ, ದೀರ್ಘದ ಚಿಹ್ನೆ ಎಂದು ನಾಲ್ಕು ಸಂಕೇತಗಳಾಗಿ ಇಡುತ್ತದೆ. ಕೈರೋವಿನ ಸರಳ ಬರವಣಿಗೆಯ ಆಜ್ಞೆಯು ಇವನ್ನು ಬಿಡಿಬಿಡಿಯಾಗಿ ಸಾಲಿನಲ್ಲಿ ಜೋಡಿಸುವುದರಿಂದ, ಒತ್ತಕ್ಷರವು ಕೆಳಗಿಳಿಯದೆ ‘ಜ್‌ಞಾನಭಾರತಿ’ ಎಂಬಂತಹ ವಿಕಾರ ರೂಪ ಮೂಡುತ್ತದೆ. ‘ಟರ್ಮಿನಲ್’ ಎಂಬಲ್ಲಿಯೂ ಇದೇ ಪಾಡು. ಸಂಕೇತಗಳಲ್ಲಿ ಮೊದಲು ಬರುವ ರಕಾರವು ಬರಹದಲ್ಲಿ ಅರ್ಕಾವೊತ್ತಾಗಿ ಮಕಾರದ ಹಿಂದೆ ಬರಬೇಕಷ್ಟೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಕಂಡವರಿಗೆ ಈ ದೋಷ ಹೊಳೆಯುವುದೇ ಇಲ್ಲ. ಫಾಂಟಿನೊಳಗಿರುವ ನಿಯಮಗಳನ್ನು ಓದಿ ಅಕ್ಷರಗಳನ್ನು ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶವೂ, ಸಾಲುಗಳನ್ನು ಹೊಂದಿಸುವ ಕೆಲಸವನ್ನು ಪ್ಯಾಂಗೊ ಎಂಬುದೂ ಮಾಡುತ್ತವೆ. ಆದುದರಿಂದ ಹೆಸರುಗಳನ್ನು ಪ್ಯಾಂಗೊವಿನ ಮೂಲಕವೇ ಬರೆಯಿಸಬೇಕು.

ಕೆಲವರು ಈ ಶ್ರಮವನ್ನು ತಪ್ಪಿಸಲು ಬೇರೆಡೆ ಬರೆದ ಅಕ್ಷರಗಳನ್ನು ಬರಿಯ ಬಾಗುಗೆರೆಗಳನ್ನಾಗಿ ಮಾರ್ಪಡಿಸಿ ಪುಟಕ್ಕೆ ಅಂಟಿಸುತ್ತಾರೆ. ಕಣ್ಣಿಗೆ ಪುಟವು ಸುಂದರವಾಗಿಯೇ ಇರುತ್ತದೆ. ಆದರೆ ಅದರೊಳಗೆ ‘ಕೆಂಗೇರಿ’ ಎಂಬ ಪದವೇ ಇರುವುದಿಲ್ಲ, ಹುಡುಕಿದರೆ ಸಿಕ್ಕದು. ದೃಷ್ಟಿಯಿಲ್ಲದ ವಿದ್ಯಾರ್ಥಿಯ ಓದುಯಂತ್ರವು ಆ ಪುಟದ ಮುಂದೆ ಮೂಕವಾಗುತ್ತದೆ. ಕಾಗದದ ಮೇಲೆ ಒಂದೇ ಆಗಿ ಕಾಣುವ ಎರಡು ಪುಸ್ತಿಕೆಗಳಲ್ಲಿ ಒಂದು ಅವನಿಗೆ ಪುಸ್ತಿಕೆಯೇ ಅಲ್ಲ.

2023ರ ಅಕ್ಟೋಬರಿನಲ್ಲಿ ಮಾರ್ಗವು ಕೆಂಗೇರಿಯಿಂದ ಚಲ್ಲಘಟ್ಟದವರೆಗೆ ಮುಂದುವರಿಯಿತು. ಕೈಯಿಂದ ಬರೆದ ಪುಸ್ತಿಕೆಯಾಗಿದ್ದರೆ ಆರು ಪುಟಗಳ ಗೆರೆಗಳನ್ನೂ ಅಳಿಸಿ ಎಳೆಯಬೇಕಾಗುತ್ತಿತ್ತು. ಇಲ್ಲಿ ಪಟ್ಟಿಯ ಕೊನೆಗೆ ಒಂದು ಹೆಸರನ್ನು ಸೇರಿಸಿದರೆ ಏಳನೆಯ ಪುಟವು ತಾನಾಗಿ ಹುಟ್ಟುತ್ತದೆ, ಹಿಂದಿನ ಪುಟಗಳ ಬೊಟ್ಟುಗಳೂ ಸರಿದು ಹೊಸದಕ್ಕೆ ಎಡೆಮಾಡುತ್ತವೆ. ಆದರೆ ಬೊಟ್ಟುಗಳ ನಡುವಣ ಅಂತರವನ್ನು ಲೆಕ್ಕಹಾಕುವಾಗ 6 ಎಂಬ ಅಂಕಿಯನ್ನು ನೇರವಾಗಿ ಬರೆದಿರಬಾರದು. ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೆಂದು ಗಣಕಯಂತ್ರವೇ ಎಣಿಸಿಕೊಳ್ಳುವಂತೆ ಬರೆದಿರಬೇಕು.