ಪೆಸಿಫಿಕ್ ದ್ವೀಪಗಳಿಗೆ ಬಹುನಿಲುಗಡೆ ವಿಮಾನ ಪಾಸು: ಆಯ್ಕೆ ಹಾಗೂ ಕಾಯ್ದಿರಿಸುವ ಕ್ರಮ

ಪೆಸಿಫಿಕ್ ದ್ವೀಪರಾಷ್ಟ್ರಗಳೊಡನೆ ಭಾರತದ ವಾಣಿಜ್ಯ ಸಂಪರ್ಕಕ್ಕೆ 2014ರ ನವೆಂಬರಿನಲ್ಲಿ ಫಿಜಿಯ ಸುವಾ ನಗರದಲ್ಲಿ ರೂಪುಗೊಂಡ ಭಾರತ–ಪೆಸಿಫಿಕ್ ದ್ವೀಪಗಳ ಸಹಕಾರ ವೇದಿಕೆಯು ಹೊಸ ದಾರಿ ತೆರೆಯಿತು. ಅದರಲ್ಲಿ 14 ದ್ವೀಪರಾಷ್ಟ್ರಗಳಿವೆ. ಆದರೆ ಒಂದೇ ಪ್ರವಾಸದಲ್ಲಿ ಮೂರು ನಾಲ್ಕು ದ್ವೀಪಗಳ ಖರೀದಿದಾರರನ್ನು ಭೇಟಿಯಾಗಬಯಸುವ ವರ್ತಕನಿಗೆ ವಿಮಾನ ವೆಚ್ಚವೇ ಮೊದಲ ಅಡಚಣೆ. ಬಿಡಿ ಬಿಡಿಯಾಗಿ ಕೊಂಡ ಟಿಕೆಟುಗಳು ದುಬಾರಿಯಾಗುವುದಷ್ಟೇ ಅಲ್ಲ, ಒಂದು ವಿಮಾನ ತಪ್ಪಿದರೆ ಮುಂದಿನವೆಲ್ಲ ವ್ಯರ್ಥವಾಗುವ ಅಪಾಯವೂ ಉಂಟು.

ಪಾಸಿನ ಸ್ವರೂಪ

1990 ಮತ್ತು 2000ರ ದಶಕಗಳಲ್ಲಿ ಈ ಪ್ರದೇಶದ ಹಲವು ವಿಮಾನ ಸಂಸ್ಥೆಗಳು ಕೂಡಿ ‘ವಿಸಿಟ್ ಸೌತ್ ಪೆಸಿಫಿಕ್’ ಪಾಸನ್ನು ಮಾರುತ್ತಿದ್ದವು. ದೂರಕ್ಕೆ ತಕ್ಕಂತೆ ವಲಯಗಳು, ವಲಯಕ್ಕೊಂದು ದರ, ಹೊರದೇಶದ ನಿವಾಸಿಗಳಿಗೆ ಮಾತ್ರ ಮಾರಾಟ ಎಂಬುದು ಅದರ ನಿಯಮ. ಪಾಲಿನೇಷಿಯನ್ ಏರ್‌ಲೈನ್ಸ್‌ನ ‘ಪಾಲಿಪಾಸ್’ ಕೂಡ ಅದೇ ಕಾಲದ್ದು. 2008ರ ಜೂನ್ 1ರಿಂದ ಕಾಗದದ ಟಿಕೆಟಿನ ಬದಲು ವಿದ್ಯುನ್ಮಾನ ಟಿಕೆಟು ಕಡ್ಡಾಯವಾಯಿತು. ಕೂಪನ್ ಪುಸ್ತಕಗಳ ಆ ಯುಗ ಮುಗಿದರೂ ಪಾಸಿನ ತತ್ತ್ವ ಉಳಿದಿದೆ.

ಇಂದು ಅದು ಮೂರು ರೂಪಗಳಲ್ಲಿ ಕಾಣಸಿಗುತ್ತದೆ. ಮೊದಲನೆಯದು ಒಂದೇ ಸಂಸ್ಥೆಯ ಪ್ರಾದೇಶಿಕ ಪಾಸು. ಫ್ರೆಂಚ್ ಪಾಲಿನೇಷಿಯಾದಲ್ಲಿ ಏರ್ ತಾಹಿತಿ ಸಂಸ್ಥೆಯು ದ್ವೀಪಗುಂಪುಗಳಿಗೆ ಅನುಗುಣವಾದ ಪಾಸುಗಳನ್ನು ದೀರ್ಘಕಾಲದಿಂದ ಮಾರುತ್ತ ಬಂದಿದೆ. ಎರಡನೆಯದು ಹಲವು ಸಂಸ್ಥೆಗಳ ಒಕ್ಕೂಟದ ಟಿಕೆಟು. ‘ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್’ ಭೂಪ್ರದಕ್ಷಿಣೆ ಟಿಕೆಟಿನಲ್ಲಿ ಗರಿಷ್ಠ 16 ಹಾರಾಟಗಳಿಗೆ ಅವಕಾಶವಿದ್ದು, ದರವು ಖಂಡಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಫಿಜಿ ಏರ್‌ವೇಸ್ 2025ರಲ್ಲಿ ಈ ಒಕ್ಕೂಟದ ಪೂರ್ಣ ಸದಸ್ಯ ಸಂಸ್ಥೆಯಾಯಿತು. ಮೂರನೆಯದು ನಡುವೆ ತಂಗಲು ಅವಕಾಶವಿರುವ ಬಹುನಗರ ಟಿಕೆಟು.

ಮಾರ್ಗ ಯೋಜನೆ

ಮೊದಲಿಗೆ ಕೇಂದ್ರ ನಿಲ್ದಾಣವನ್ನು ಗುರುತಿಸಬೇಕು. ಸಮೋವಾ, ಟೋಂಗಾ, ಟುವಾಲು, ಕಿರಿಬಾಟಿಗಳಿಗೆ ಫಿಜಿಯೇ ಹೆಬ್ಬಾಗಿಲು. ಫಿಜಿ ಏರ್‌ವೇಸ್ 2016ರಲ್ಲಿ ನಾಡಿ–ಸಿಂಗಪುರ ನೇರ ಹಾರಾಟ ಆರಂಭಿಸಿದ್ದರಿಂದ ಬೆಂಗಳೂರಿನವರಿಗೆ ಸಿಂಗಪುರದ ದಾರಿ ಸಹಜವಾಯಿತು. ಮೈಕ್ರೊನೇಷಿಯಾದಲ್ಲಿ ಯುನೈಟೆಡ್ ಸಂಸ್ಥೆಯ ‘ಐಲ್ಯಾಂಡ್ ಹಾಪರ್’ ವಿಮಾನವು ಗುವಾಮ್‌ನಿಂದ ಚೂಕ್, ಪೊನಪೆ, ಕೊಸ್ರೆ, ಕ್ವಾಜಲೀನ್, ಮಜುರೊ ಮೂಲಕ ಹೊನೊಲುಲುವಿಗೆ ಸಾಗುತ್ತದೆ. ಇವುಗಳಲ್ಲಿ ಕ್ವಾಜಲೀನ್ ಅಮೆರಿಕದ ಸೇನಾ ನೆಲೆ. ಅನುಮತಿಯಿಲ್ಲದವರು ಅಲ್ಲಿ ಇಳಿಯುವಂತಿಲ್ಲ.

ಎರಡನೆಯದಾಗಿ, ವಾರಕ್ಕೆ ಅತಿ ಕಡಿಮೆ ಬಾರಿ ಹಾರುವ ವಿಮಾನದ ದಿನವನ್ನು ಮೊದಲು ಗೊತ್ತುಮಾಡಿ ಉಳಿದವನ್ನು ಅದಕ್ಕೆ ಹೊಂದಿಸಬೇಕು. ಈ ಕ್ರಮ ತಲೆಕೆಳಗಾದರೆ ಒಂದು ದಿನದ ಕೆಲಸಕ್ಕೆ ವಾರವಿಡೀ ಹೋಟೆಲ್ ಬಾಡಿಗೆ ತೆರಬೇಕಾದೀತು.

ಬೆಲೆಯ ಹೋಲಿಕೆ

ಅದೇ ಮಾರ್ಗಕ್ಕೆ ಪಾಸು, ಬಹುನಗರ ಟಿಕೆಟು, ಬಿಡಿ ಟಿಕೆಟು ಎಂಬ ಮೂರು ಲೆಕ್ಕಗಳನ್ನೂ ಒಂದೇ ದಿನ ಪಡೆಯಬೇಕು. ನಾಡಿಯಿಂದ ಏಪಿಯಾಕ್ಕೆ ಹೋಗಿಬಂದು, ಮತ್ತೆ ನುಕುಅಲೋಫಾಕ್ಕೆ ಹೋಗಿಬಂದರೆ ನಾಲ್ಕು ಹಾರಾಟಗಳಾಗುತ್ತವೆ. ನಾಲ್ಕಕ್ಕೂ ತೆರಿಗೆ, ನಿಲ್ದಾಣ ಶುಲ್ಕಗಳು ಸೇರುತ್ತವೆ. ಜಾಹೀರಾತಿನ ಪಾಸು ದರದಲ್ಲಿ ಅವು ಸೇರಿವೆಯೇ ಎಂದು ಕೇಳದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪಾಸನ್ನು ಎಲ್ಲಿ ಕೊಳ್ಳಬೇಕು, ಎಷ್ಟು ದಿನ ಸಲ್ಲುತ್ತದೆ, ದಿನಾಂಕ ಬದಲಾವಣೆಗೆ ಶುಲ್ಕವೆಷ್ಟು, ಬಳಸದ ಭಾಗಕ್ಕೆ ಹಣ ಮರಳುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಲೇಸು. ಕಿರುವಿಮಾನಗಳಲ್ಲಿ ಸಾಮಾನಿನ ತೂಕದ ಮಿತಿ ಕಡಿಮೆಯಾದ್ದರಿಂದ, ಸರಕಿನ ಮಾದರಿಗಳನ್ನು ಒಯ್ಯುವವರು ಅದನ್ನೂ ವಿಚಾರಿಸಬೇಕು.

ಎಚ್ಚರಿಕೆಯ ಅಂಶಗಳು

ದಿನಾಂಕ ರೇಖೆ: ಸಮೋವಾ 2011ರ ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಕೈಬಿಟ್ಟು ರೇಖೆಯ ಪಶ್ಚಿಮಕ್ಕೆ ಸೇರಿತು. ಅಲ್ಲಿಂದ ಅಲ್ಪ ಹಾರಾಟದ ಅಮೆರಿಕನ್ ಸಮೋವಾದಲ್ಲಿ ಈಗಲೂ ಗಡಿಯಾರ 24 ಗಂಟೆ ಹಿಂದೆ. ಆಕ್ಲೆಂಡಿನಿಂದ ಮಂಗಳವಾರ ಬೆಳಿಗ್ಗೆ ಹೊರಟವರು ಕುಕ್ ದ್ವೀಪಗಳ ರಾರೊಟೊಂಗಾವನ್ನು ಸೋಮವಾರ ತಲುಪುತ್ತಾರೆ. ಕೊಠಡಿಯನ್ನು ತಲುಪುವ ಸ್ಥಳದ ದಿನಾಂಕಕ್ಕೆ ಕಾಯ್ದಿರಿಸಬೇಕು.

ವೀಸಾ: ಫಿಜಿಗೆ ಭೇಟಿ ನೀಡುವ ಭಾರತೀಯರಿಗೆ ಮುಂಗಡ ವೀಸಾ ಬೇಕಿಲ್ಲ. ಆದರೆ ಗುವಾಮ್, ಹೊನೊಲುಲು ಮೂಲಕ ಹಾದುಹೋಗಲೂ ಅಮೆರಿಕದ ವೀಸಾ ಬೇಕು. ಸಾಮಾನ್ಯ ಷೆಂಗೆನ್ ವೀಸಾ ತಾಹಿತಿಗೆ ಸಲ್ಲದು. ಅಗ್ಗದ ಮಾರ್ಗವೊಂದು ವೀಸಾ ವೆಚ್ಚ ಸೇರಿದಾಗ ದುಬಾರಿಯಾಗಬಹುದು.

ಹವಾಮಾನ: ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಸ್ವದೇಶಕ್ಕೆ ಮರಳುವ ವಿಮಾನಕ್ಕೆ ಮುನ್ನ ಕನಿಷ್ಠ ಒಂದೆರಡು ದಿನ ಕೇಂದ್ರ ನಿಲ್ದಾಣದಲ್ಲಿ ಬಿಡುವಿರಬೇಕು.

ಸಂಸ್ಥೆಯ ಸ್ಥಿತಿ: 2024ರ ಮೇ ತಿಂಗಳಲ್ಲಿ ಏರ್ ವನುವಾಟು ಹಾರಾಟ ನಿಲ್ಲಿಸಿ ಸಮಾಪನ ಪ್ರಕ್ರಿಯೆಗೆ ಒಳಗಾಯಿತು. ಟಿಕೆಟು ಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ಒಂದೇ ಟಿಕೆಟಿನಲ್ಲಿ ಪೂರ್ಣ ಮಾರ್ಗವಿದ್ದರೆ ಮುಂದಿನ ಏರ್ಪಾಡನ್ನು ಕೋರಲು ಪ್ರಯಾಣಿಕನಿಗೆ ಬಲವಿರುತ್ತದೆ. ಬಿಡಿ ಟಿಕೆಟುಗಳಲ್ಲಿ ನಷ್ಟ ಅವನದೇ.

ಆದ್ದರಿಂದ ಅತ್ಯಂತ ಕಡಿಮೆ ದರದ ಪಾಸೇ ಅತ್ಯಂತ ಲಾಭದ ಪಾಸೆಂದು ಭಾವಿಸಲಾಗದು. ದರ, ವೀಸಾ, ತಂಗುವ ವೆಚ್ಚ, ವಿಳಂಬದ ಸಂಭವ ಈ ನಾಲ್ಕನ್ನೂ ಕೂಡಿಸಿ ನೋಡಿದ ಮೇಲೆಯೇ ಹಣ ಪಾವತಿಸುವುದು ವರ್ತಕರಿಗೆ ಶ್ರೇಯಸ್ಕರ.