ಗೋಪಾಲಕರ ಸಹಕಾರ ಹಾಗೂ ಪರಸ್ಪರ ಶಿಕ್ಷಣ: ಡೆನ್ಮಾರ್ಕಿನ ಪಾಠ

ಸಹಕಾರವೆಂದೊಡನೆ ಹಣಕಾಸಿನ ಕೂಟವೇ ಸಾಮಾನ್ಯವಾಗಿ ನೆನಪಿಗೆ ಬರುವುದು. ಹತ್ತು ಜನ ಸೇರಿ ಬಂಡವಾಳ ಕೂಡಿಸುವುದು, ಸಾಲ ಪಡೆಯುವುದು, ಲಾಭ ಹಂಚಿಕೊಳ್ಳುವುದು, ಇಷ್ಟೇ ಅದರ ವ್ಯಾಪ್ತಿಯೆಂದು ಭಾವಿಸುವವರುಂಟು. ಆದರೆ ಹಣಕ್ಕಿಂತಲೂ ಹಂಚಿಕೊಳ್ಳಲು ಕಷ್ಟವಾದ ವಸ್ತು ಇನ್ನೊಂದಿದೆ, ಅದು ಅನುಭವ. ತನ್ನ ಕೊಟ್ಟಿಗೆಯ ಲಾಭನಷ್ಟವನ್ನು ನೆರೆಯವನ ಮುಂದೆ ಬಿಚ್ಚಿಡುವುದು ಯಾವ ರೈತನಿಗೂ ಸುಲಭವಲ್ಲ. ಆ ಸಂಕೋಚವನ್ನು ಗೆದ್ದುದರಿಂದಲೇ ಏಳಿಗೆ ಹೊಂದಿದ ಡೆನ್ಮಾರ್ಕಿನ ಪಶುಪಾಲಕರ ಚರಿತ್ರೆಯು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ.

1864ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ತನ್ನ ದಕ್ಷಿಣದ ಪ್ರಾಂತಗಳನ್ನು ಕಳೆದುಕೊಂಡಿತು. ಮುಂದಿನ ದಶಕಗಳಲ್ಲಿ ಅಮೆರಿಕ ಹಾಗೂ ರಷ್ಯಾ ದೇಶಗಳ ಅಗ್ಗದ ಧಾನ್ಯ ಯುರೋಪಿನ ಪೇಟೆಗಳಿಗೆ ನುಗ್ಗಿದಾಗ, ಧಾನ್ಯ ಬೆಳೆದು ಮಾರುತ್ತಿದ್ದ ಅಲ್ಲಿನ ಒಕ್ಕಲಿಗನ ಬದುಕು ತತ್ತರಿಸಿತು. ಹೈನುಗಾರಿಕೆಯ ಕಡೆಗೆ ಹೊರಳುವುದು ಅನಿವಾರ್ಯವಾಯಿತು. ಆದರೆ ದೊಡ್ಡ ಜಮೀನುದಾರರ ಬೆಣ್ಣೆಗೆ ದೊರೆಯುತ್ತಿದ್ದ ಬೆಲೆ ಸಣ್ಣ ಹಿಡುವಳಿದಾರನ ಬೆಣ್ಣೆಗೆ ದೊರೆಯುತ್ತಿರಲಿಲ್ಲ. ನಾಲ್ಕಾರು ಹಸುಗಳ ಹಾಲಿನಿಂದ ಒಂದೇ ಗುಣಮಟ್ಟದ ಬೆಣ್ಣೆ ತೆಗೆಯುವುದು ಅವನಿಗೆ ಅಸಾಧ್ಯವಾಗಿತ್ತು. 1878ರ ಸುಮಾರಿಗೆ ಬಳಕೆಗೆ ಬಂದ ಕೆನೆ ತೆಗೆಯುವ ಯಂತ್ರವು ಈ ತೊಡಕಿಗೆ ದಾರಿ ತೋರಿತು. ಒಬ್ಬನಿಗೆ ನಿಲುಕದ ಯಂತ್ರ ಊರಿಗೆ ನಿಲುಕಿತು. 1882ರಲ್ಲಿ ಜಟ್ಲೆಂಡಿನ ಪಶ್ಚಿಮ ಭಾಗದ ಯೆಡಿಂಗ್ ಗ್ರಾಮದಲ್ಲಿ ಆ ದೇಶದ ಮೊದಲ ಸಹಕಾರಿ ಹಾಲಿನ ಕೇಂದ್ರ ಆರಂಭವಾಯಿತು. ಇಪ್ಪತ್ತು ವರ್ಷಗಳೊಳಗೆ ಅಂತಹ ಕೇಂದ್ರಗಳ ಸಂಖ್ಯೆ ಸುಮಾರು 1000ಕ್ಕೆ ಏರಿತು.

ಈ ಸಂಘಗಳಲ್ಲಿ ಹಸು, ಹೊಲ, ಕೊಟ್ಟಿಗೆಗಳೆಲ್ಲ ಅವರವರ ಸ್ವಂತದವೇ ಆಗಿದ್ದವು. ಮನೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಹಾಲನ್ನೆಲ್ಲ ಸಂಘಕ್ಕೇ ಕೊಡುವೆವೆಂದು ಸದಸ್ಯರು ಕರಾರು ಮಾಡಿಕೊಳ್ಳುತ್ತಿದ್ದರು. ಸಂಘದ ಸಾಲಕ್ಕೆ ಎಲ್ಲರೂ ಒಟ್ಟಾಗಿ ಹೊಣೆಗಾರರಾಗುತ್ತಿದ್ದರು. ಲಾಭವು ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ಮತವಾದರೋ ದನಗಳ ತಲೆ ಎಣಿಸಿ ಅಲ್ಲ, ಮನುಷ್ಯರ ತಲೆ ಎಣಿಸಿ! ಐವತ್ತು ಹಸುಗಳ ಒಡೆಯನಿಗೂ ಎರಡು ಹಸುಗಳ ಬಡವನಿಗೂ ಒಂದೊಂದೇ ಮತ.

ಹಾಲು ಒಂದೆಡೆ ಸೇರಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಸಮಾನವಾಗಿ ದುಡಿದರೂ ಒಬ್ಬನ ಕೊಟ್ಟಿಗೆ ಲಾಭ ತರುತ್ತಿತ್ತು, ಇನ್ನೊಬ್ಬನದು ನಷ್ಟ ತರುತ್ತಿತ್ತು. ಇದರ ಕಾರಣವನ್ನು ಅರಿಯಲು 1895ರಲ್ಲಿ ವೈಯೆನ್ ಎಂಬಲ್ಲಿ ರೈತರು ಹಾಲಿನ ತಪಾಸಣಾ ಸಂಘವೊಂದನ್ನು ಕಟ್ಟಿದರು. ಈ ಬಗೆಯ ಸಂಘಗಳಲ್ಲಿ ಮೊದಲನೆಯದು ಅದೇ. ಸದಸ್ಯರು ಕೂಡಿ ನೇಮಿಸಿದ ಸಹಾಯಕನು ಸರದಿಯಂತೆ ಮನೆಮನೆಗೆ ಹೋಗಿ, ಒಂದೊಂದು ಹಸುವಿನ ಹಾಲನ್ನೂ ತೂಗಿ, ಜಿಡ್ಡನ್ನು ಪರೀಕ್ಷಿಸಿ, ತಿಂದ ಮೇವಿನ ಲೆಕ್ಕವನ್ನು ಬರೆದಿಡುತ್ತಿದ್ದನು. ಬಿಂದಿಗೆ ತುಂಬ ಹಾಲು ಕರೆಯುವ ಹಸು ಜಿಡ್ಡಿನಲ್ಲಿ ಹಿಂದುಳಿದಿರಬಹುದು. ಒಡೆಯನು ಕಡೆಗಣಿಸಿದ ಹಸುವೇ ತಿಂದ ಮೇವಿಗೆ ಹೆಚ್ಚು ಪ್ರತಿಫಲ ಕೊಡುತ್ತಿರಬಹುದು. ಕಣ್ಣಳತೆಯು ಮರೆಮಾಚಿದ್ದನ್ನು ತಕ್ಕಡಿಯು ತೋರಿಸಿಕೊಟ್ಟಿತು. ಲೆಕ್ಕಗಳನ್ನು ಎದುರಿಗಿಟ್ಟುಕೊಂಡು ಕೂತಾಗ, ಮುಂದಿದ್ದವನ ಮೇವಿನ ಕ್ರಮ ಹಿಂದುಳಿದವನಿಗೆ ಪಾಠವಾಗುವ ಅವಕಾಶವಾಯಿತು. 1905ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಂತಹುದೇ ಸಂಘವನ್ನು ಕಟ್ಟಲು ಮುಂದಾದವನು ಡೆನ್ಮಾರ್ಕಿನಿಂದ ವಲಸೆ ಹೋಗಿದ್ದ ಹೆಲ್ಮರ್ ರಾಬಿಲ್ಡ್.

ಇಂತಹ ಮನಸ್ಸು ಒಂದೇ ದಿನದಲ್ಲಿ ಸಿದ್ಧವಾದುದಲ್ಲ. ಗ್ರುಂಡ್‌ವಿಗ್ ಎಂಬ ಧರ್ಮಗುರುವಿನ ಚಿಂತನೆಯಿಂದ ಪ್ರೇರಿತವಾಗಿ 1844ರಲ್ಲಿ ರೊಡ್ಡಿಂಗ್‌ನಲ್ಲಿ ಮೊದಲ ಜನತಾ ಪ್ರೌಢಶಾಲೆ ತೆರೆಯಲ್ಪಟ್ಟಿತ್ತು. ಯುದ್ಧದ ತರುವಾಯ ಅದರ ಪರಂಪರೆ 1865ರಲ್ಲಿ ವೈಯೆನ್‌ಗೆ ಸಮೀಪದ ಆಸ್ಕೌನಲ್ಲಿ ಮುಂದುವರಿಯಿತು. ಪರೀಕ್ಷೆಗಳಿಲ್ಲದ ಈ ಶಾಲೆಗಳಲ್ಲಿ ರೈತರ ಮಕ್ಕಳು ಚಳಿಗಾಲದ ಬಿಡುವಿನಲ್ಲಿ ಚರಿತ್ರೆಯನ್ನೂ ಸಾಹಿತ್ಯವನ್ನೂ ಆಲಿಸಿ, ಪ್ರಶ್ನಿಸಿ, ಚರ್ಚಿಸಿದರು. ಅಲ್ಲಿ ಕಲಿತದ್ದು ಹಾಲು ಕರೆಯುವ ವಿದ್ಯೆಯಲ್ಲ. ಸಮಾನರಾಗಿ ಕೂತು ಮಾತಾಡುವ ವಿದ್ಯೆ.

ಕನ್ನಡ ನಾಡಿಗೂ ಈ ದಾರಿ ಅಪರಿಚಿತವಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದರು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಡೆನ್ಮಾರ್ಕಿನ ಮಾದರಿಯಲ್ಲಿ ವಿದ್ಯಾಪೀಠಗಳನ್ನು ನಡೆಸಿತು. 1974ರಲ್ಲಿ ಮೊದಲಾದ ಹೈನು ಅಭಿವೃದ್ಧಿ ಕಾರ್ಯವು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ ರೂಪ ತಳೆಯಿತು. ಇಂದು ಹಳ್ಳಿಯ ಸಂಘದ ಕಟ್ಟೆಯಲ್ಲಿ ಮನೆಮನೆಯ ಹಾಲು ಅಳತೆಯಾಗುತ್ತದೆ. ಆದರೆ ಹಾಲು ಹಾಕಿದವರು ಅರೆಗಳಿಗೆ ನಿಂತು ಮೇವಿನ ಮಾತು, ಕರುವಿನ ಆರೈಕೆಯ ಮಾತು ಆಡದೆ ಹೊರಟರೆ ಸಂಘವು ಬರಿಯ ಅಂಗಡಿಯಾಗಿ ಉಳಿಯುವುದು.

ಕಾಯಕದ ಫಲವನ್ನು ಹಂಚುವುದು ದಾಸೋಹವಾದರೆ, ಕಾಯಕದ ಅರಿವನ್ನು ಹಂಚುವುದೂ ದಾಸೋಹವೇ. ತಪ್ಪಿದ ಲೆಕ್ಕವನ್ನು ಸಹಪಾಠಿಯ ಮುಂದೆ ನಾಚದೆ ತೆರೆದಿಡುವ, ಬಲ್ಲದ್ದನ್ನು ಹಮ್ಮಿಲ್ಲದೆ ಹೇಳಿಕೊಡುವ ಅಭ್ಯಾಸವನ್ನು ಶಾಲೆಯಲ್ಲಿ ಪಡೆದ ಮಕ್ಕಳೇ ನಾಳೆ ಅಂತಹ ಸಂಘಗಳಿಗೆ ಜೀವ ತುಂಬಬಲ್ಲರು.