ಅದಮಾರಿನಿಂದ ಆಕಾಶಕ್ಕೆ: ನಮ್ಮ ಮೊದಲ ಉಪಗ್ರಹದ ಕಥೆ



ಅದಮಾರು ಎಂದ ಕೂಡಲೇ ನಮಗೆಲ್ಲ ಮಠ ನೆನಪಾಗುತ್ತದೆ. ಆದರೆ ಕಾಪು ತಾಲೂಕಿನ ಅದೇ ಊರಿನಲ್ಲಿ ಹುಟ್ಟಿದ ಒಬ್ಬರು ಭಾರತದ ಮೊದಲ ಉಪಗ್ರಹವನ್ನು ಕಟ್ಟಿದ ತಂಡದ ಯಜಮಾನರಾಗಿದ್ದರು ಎಂದು ಎಷ್ಟು ಜನರಿಗೆ ಗೊತ್ತುಂಟು? ಅವರೇ ಉಡುಪಿ ರಾಮಚಂದ್ರ ರಾವ್. ಎಲ್ಲರೂ ಯು. ಆರ್. ರಾವ್ ಎನ್ನುತ್ತಾರೆ. ಆ ‘ಯು’ ಅಂದರೆ ನಮ್ಮ ಉಡುಪಿಯೇ!

ಉಪಗ್ರಹ ಯಾಕೆ ಬೀಳುವುದಿಲ್ಲ?

ಕಾಪು ದೀಪಸ್ತಂಭದ ಮೇಲೆ ನಿಂತು ಸಮುದ್ರದ ಕಡೆ ಒಂದು ಕಲ್ಲು ಬಿಸಾಡಿದೆವು ಎಂದು ಇಟ್ಟುಕೊಳ್ಳಿ. ಕಲ್ಲು ಬಾಗಿ ಹೋಗಿ ನೀರಿಗೆ ಬೀಳುತ್ತದೆ. ಇನ್ನೂ ಜೋರಾಗಿ ಬಿಸಾಡಿದರೆ ಇನ್ನೂ ದೂರ ಬೀಳುತ್ತದೆ. ಭೂಮಿ ಉರುಟಾಗಿದೆಯಲ್ಲ? ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಬಿಸಾಡಿದರೆ, ಕಲ್ಲು ಬೀಳುತ್ತಾ ಹೋದಷ್ಟೇ ನೆಲವೂ ಬಾಗುತ್ತಾ ಹೋಗುತ್ತದೆ. ಆಗ ಕಲ್ಲು ನೆಲಕ್ಕೆ ತಾಗದೆ ಸುತ್ತುತ್ತಲೇ ಇರುತ್ತದೆ. ಆದರೆ ಕೆಳಗೆ ಗಾಳಿ ಅಡ್ಡ ಬರುತ್ತದೆ. ಅದಕ್ಕೇ ಉಪಗ್ರಹವನ್ನು ರಾಕೆಟ್ಟಿನಲ್ಲಿ ನೂರಾರು ಕಿ.ಮೀ. ಮೇಲೆ ಕೊಂಡುಹೋಗಿ ಬಿಡುತ್ತಾರೆ. ಕಾರ್ಕಳದಿಂದ ಉಡುಪಿಗೆ ಬಸ್ಸಿನಲ್ಲಿ ಹೋಗಲು ನಮಗೆ ಎಷ್ಟು ಹೊತ್ತು ಬೇಕು? ಉಪಗ್ರಹಕ್ಕೆ 5 ಸೆಕೆಂಡು ಸಾಕು!

ಮೊದಲು ಹೋದವರು

1957 ಅಕ್ಟೋಬರ್ 4 – ಸೋವಿಯತ್ ದೇಶದ ಸ್ಪುಟ್ನಿಕ್. ಜಗತ್ತಿನ ಮೊದಲ ಕೃತಕ ಉಪಗ್ರಹ. ತೂಕ ಸುಮಾರು 83 ಕಿಲೋ.
1957 ನವೆಂಬರ್ 3 – ಲೈಕಾ ಎಂಬ ನಾಯಿ. ಪಾಪ, ಅದು ಜೀವಂತ ವಾಪಸು ಬರಲಿಲ್ಲ.
1961 ಏಪ್ರಿಲ್ 12 – ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್. ಅವರ ಯಾತ್ರೆ 108 ನಿಮಿಷ.
1963 ಜೂನ್ 16 – ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಷ್ಕೋವಾ.
1963 ನವೆಂಬರ್ 21 – ಕೇರಳದ ತುಂಬಾದಿಂದ ಒಂದು ಸಣ್ಣ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ್ದು, ಕೆಲಸ ನಮ್ಮವರದ್ದು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನಲ್ಲಿ ಸಾಗಿಸಿದ್ದರು.
1969 ಜುಲೈ – ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ನಡೆದರು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗಲೂ ಭಾರತದ ಒಂದೇ ಒಂದು ಉಪಗ್ರಹ ಆಕಾಶದಲ್ಲಿ ಇರಲಿಲ್ಲ.

ಅದಮಾರಿನ ಹುಡುಗ

ರಾಮಚಂದ್ರ ರಾಯರು ಹುಟ್ಟಿದ್ದು 1932 ಮಾರ್ಚ್ 10ರಂದು. ಆಗ ಉಡುಪಿ ಜಿಲ್ಲೆ ಇರಲಿಲ್ಲ, ನಮ್ಮ ಊರುಗಳೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಪ್ರಾಥಮಿಕ ಶಾಲೆ ಅದಮಾರಿನಲ್ಲಿ, ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಮುಂದೆ ಬಳ್ಳಾರಿ, ಅನಂತಪುರ, ಕಾಶಿ ಎಂದು ಓದುತ್ತಾ ಹೋದರು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ಮಾಡಿದರು. ಅಮೆರಿಕಕ್ಕೆ ಹೋಗಿ ಅಲ್ಲಿನ ಪಯೋನಿಯರ್ ನೌಕೆಗಳ ಪ್ರಯೋಗದಲ್ಲೂ ಕೆಲಸ ಮಾಡಿದರು. ಅಲ್ಲೇ ಸುಖವಾಗಿ ಇರಬಹುದಿತ್ತು. ಆದರೆ 1966ರಲ್ಲಿ ಭಾರತಕ್ಕೆ ವಾಪಸು ಬಂದರು.

ಪೀಣ್ಯದ ಶೆಡ್ಡು

1971ರ ಡಿಸೆಂಬರಿನಲ್ಲಿ ಗುರು ಸಾರಾಭಾಯಿ ತೀರಿಕೊಂಡರು. 1972ರಲ್ಲಿ ಉಪಗ್ರಹ ಕಟ್ಟುವ ಜವಾಬ್ದಾರಿ ಶಿಷ್ಯನ ಹೆಗಲಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಸೋವಿಯತ್ ದೇಶದ ಜೊತೆ ಒಪ್ಪಂದ ಆಯಿತು: ಉಪಗ್ರಹ ನಮ್ಮದು, ರಾಕೆಟ್ ಅವರದ್ದು.

ಕೆಲಸ ಸುರುವಾದದ್ದು ದೊಡ್ಡ ಕಟ್ಟಡದಲ್ಲಿ ಅಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಲ್ನಾರು ಶೀಟು ಹೊದೆಸಿದ ಶೆಡ್ಡುಗಳಲ್ಲಿ! ತಂಡದಲ್ಲಿ ಹೆಚ್ಚಿನವರು ಎಳೆಯ ಇಂಜಿನಿಯರುಗಳು. ಅದಕ್ಕೆ ಮೊದಲು ಉಪಗ್ರಹ ಕಟ್ಟಿ ಗೊತ್ತಿದ್ದವರಲ್ಲ. ಉಪಗ್ರಹಕ್ಕೆ ಧೂಳು ತಾಗಬಾರದು, ಆದ್ದರಿಂದ ಶೆಡ್ಡಿನ ಒಳಗೇ ಧೂಳಿಲ್ಲದ ಕೋಣೆ ಮಾಡಿಕೊಂಡರು. ಸಂಕೇತ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಬದಲಾಯಿಸಿಕೊಂಡರು. ನಗಬೇಡಿ, ಇದು ನಿಜ!

ಮೂರು ಹೆಸರುಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ‘ಆರ್ಯಭಟ’ ಎಂಬುದನ್ನು ಆರಿಸಿದರು. 360 ಕಿಲೋ ತೂಕ, 26 ಮುಖ. 1975 ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ಟಿನ್ ಯಾರ್ ಎಂಬಲ್ಲಿಂದ ಆರ್ಯಭಟ ಮೇಲೇರಿತು. ಸುಮಾರು 600 ಕಿ.ಮೀ. ಎತ್ತರದಲ್ಲಿ, 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತತೊಡಗಿತು.

ಐದು ದಿನದಲ್ಲಿ ಬಂದ ಕಷ್ಟ

ಆರ್ಯಭಟದಲ್ಲಿ ಮೂರು ಪ್ರಯೋಗಗಳಿದ್ದವು. ಒಂದು ದೂರದ ನಕ್ಷತ್ರಗಳ ಎಕ್ಸ್ ಕಿರಣ ನೋಡಲಿಕ್ಕೆ, ಇನ್ನೊಂದು ಸೂರ್ಯನ ಬಗ್ಗೆ, ಮತ್ತೊಂದು ಮೇಲಿನ ವಾಯುಮಂಡಲದ ಬಗ್ಗೆ. ಐದು ದಿನ ಆಗುವಷ್ಟರಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಮೂರೂ ಪ್ರಯೋಗ ನಿಂತುಹೋದವು.

ಹಾಗಾದರೆ ಆರ್ಯಭಟ ಫೇಲಾಯಿತಾ? ಇಲ್ಲಿ ಸ್ವಲ್ಪ ಯೋಚಿಸಬೇಕು. ಪ್ರಯೋಗ ನಿಂತದ್ದು ಸತ್ಯ, ನಷ್ಟವೂ ಸತ್ಯ. ಆದರೆ ಉಪಗ್ರಹದ ಉಳಿದ ಭಾಗ ಕೆಲಸ ಮಾಡುತ್ತಲೇ ಇತ್ತು. ಆರು ತಿಂಗಳು ಬಾಳಲಿ ಎಂದು ಕಟ್ಟಿದ್ದು 1981ರ ಮಾರ್ಚ್ ತನಕ ಬಾಳಿತು. ಆರ್ಯಭಟವನ್ನು ಕಳಿಸಿದ ದೊಡ್ಡ ಉದ್ದೇಶವೇ ಉಪಗ್ರಹ ಕಟ್ಟಲು ಕಲಿಯುವುದು. ಆ ಪಾಠದಲ್ಲಿ ನಮ್ಮವರು ಪಾಸಾದರು.

ಆಮೇಲೆ

ಕಲಿತದ್ದಕ್ಕೆ ಸಾಕ್ಷಿ ಬೇಕಾ? 1979 ಜೂನ್ 7ರಂದು ಭೂಮಿಯನ್ನು ನೋಡುವ ಭಾಸ್ಕರ ಹೋಯಿತು. 1980 ಜುಲೈ 18ರಂದು ನಮ್ಮದೇ ರಾಕೆಟ್ಟಿನಲ್ಲಿ 35 ಕಿಲೋದ ರೋಹಿಣಿ ಶ್ರೀಹರಿಕೋಟದಿಂದ ಹೋಯಿತು. 1981ರಲ್ಲಿ ಆ್ಯಪಲ್ ಎಂಬ ಉಪಗ್ರಹವನ್ನು ಪರೀಕ್ಷೆಗೆ ಎತ್ತಿನ ಗಾಡಿಯಲ್ಲಿ ಇಟ್ಟರು. ಬಡತನಕ್ಕಲ್ಲ, ಲೋಹದ ವಾಹನ ಆದರೆ ರೇಡಿಯೋ ಅಲೆಗಳ ಪರೀಕ್ಷೆಗೆ ತೊಂದರೆ ಆಗುತ್ತದೆ, ಮರದ ಗಾಡಿಯಲ್ಲಿ ಆಗುವುದಿಲ್ಲ ಎಂದು! ರಾಯರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. 2017 ಜುಲೈ 24ರಂದು ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದ್ದೇ ಹೆಸರು.

ಇದರಿಂದ ನಮಗೇನು?

“ಊಟಕ್ಕಿಲ್ಲದವರು ಇರುವಾಗ ಆಕಾಶಕ್ಕೆ ಯಾಕೆ ಹಣ?” ಎಂದು ಹಿರಿಯರು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಆದರೆ ಮಲ್ಪೆಯ ಬೋಟಿನವರನ್ನು ನೆನಪಿಸಿಕೊಳ್ಳಿ. ಸಮುದ್ರದಲ್ಲಿ ಚಂಡಮಾರುತ ಏಳುವುದನ್ನು ಉಪಗ್ರಹ ಮೇಲಿಂದ ನೋಡಿ ತಿಳಿಸುತ್ತದೆ. ಮೀನು ಎಲ್ಲಿ ಹೆಚ್ಚು ಸಿಗಬಹುದು ಎಂದು ಹೇಳಲೂ ಅದರ ಮಾಹಿತಿ ಬೇಕು. ಸರಿಯಾದ ಹೊತ್ತಿಗೆ ಸುದ್ದಿ ಸಿಕ್ಕಿ ಒಂದು ಬೋಟು ದಡಕ್ಕೆ ವಾಪಸು ಬಂದರೆ, ಎಷ್ಟು ಮನೆಗಳ ದೀಪ ಉಳಿಯಿತು ಲೆಕ್ಕ ಹಾಕಿ.

ನಮ್ಮದು ಸಣ್ಣ ಊರು, ಹಂಚಿನ ಶಾಲೆ, ಕನ್ನಡ ಮೀಡಿಯಂ, ನಮಗೆ ಇದೆಲ್ಲ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಪೀಣ್ಯದ ಶೆಡ್ಡಿನ ಕಥೆ ಹೇಳಿ. ಕಲಿಯುವ ಮನಸ್ಸು ಬೇಕು, ಕೆಟ್ಟರೆ ಇನ್ನೊಮ್ಮೆ ಕಟ್ಟುವ ಧೈರ್ಯ ಬೇಕು.

ಉತ್ತರ ಹೇಳಿ ನೋಡುವ!

1. ಆರ್ಯಭಟ ಒಂದು ದಿನಕ್ಕೆ ಎಷ್ಟು ಸುತ್ತು ಹಾಕುತ್ತಿತ್ತು? (ಭಾಗಾಕಾರ ಮಾಡಿ.)
2. ಆ್ಯಪಲ್ ಉಪಗ್ರಹಕ್ಕೆ ಎತ್ತಿನ ಗಾಡಿಯೇ ಯಾಕೆ ಬೇಕಾಯಿತು?
3. ಹಳೆಯ 2 ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಉಪಗ್ರಹದ ಚಿತ್ರ ಉಂಟು? ಅಜ್ಜನ ಪೆಟ್ಟಿಗೆಯಲ್ಲಿ ಹುಡುಕಿ ನೋಡಿ.

– 7ನೇ ತರಗತಿಯ ವಿದ್ಯಾರ್ಥಿನಿ